ನಿನ್ನ ವಿಳಾಸದಲ್ಲಿ ನನ್ನ ಮೊಮ್ಮಗಳು

ಪ್ರೀತಿಯ ಬ್ರೋನ್ಯಾ,

ಹೂಂ ಅನ್ನು ಇಲ್ಲವೇ ಉಹೂಂ ಅನ್ನು, ಏನೇ ಅಂದರೂ ಈಸ್ಟರ್ ಹಬ್ಬಕ್ಕೆ ಮೊದಲು ಅನ್ನು ಅಂತ ನೀನು ಖಡಾಖಂಡಿತವಾಗಿ ಹೇಳಿಬಿಟ್ಟೆ. ಫೋನಿನಲ್ಲೇ ಹೇಳೋಣವೆಂದರೆ ನಮ್ಮಿಬ್ಬರ ಹಣೆಬರಹ ನಿನಗೆ ಗೊತ್ತೇ ಇದೆ. ನಾನು ಒಂದು ಮಾತಾಡಿದರೆ ನೀನು ಒಂಬತ್ತು ಆಡುತ್ತೀಯ, ಕೊನೆಗೆ ಇಬ್ಬರೂ ನಿನ್ನ ಗಂಡ ಸ್ಟಾನ್ ಬದುಕಿದ್ದಾಗಿನ ಸುದ್ದಿಗೆ ಹೋಗಿ ಮೂಗು ಸೀಟಿಕೊಳ್ಳುತ್ತೇವೆ, ಹೇಳಬೇಕಾದ್ದನ್ನು ಹೇಳದೆ ಫೋನ್ ಇಡುತ್ತೇವೆ. ಅದಕ್ಕೇ ಈ ಕಾಗದ. ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ, ಎಣ್ಣೆ ಕಲೆ ಇದ್ದರೆ ಬೈಯಬೇಡ.

ನನ್ನ ಮೊಮ್ಮಗಳು ಸೆಲೀನಾಳನ್ನು ಬರುವ ವರ್ಷ ಏಳನೇ ಕ್ಲಾಸಿಗೆ ನಿಮ್ಮೂರ ಶಾಲೆಗೆ ಹಾಕಬೇಕೋ ಬೇಡವೋ? ನಿಮ್ಮೂರಿನವರು ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಹುಡುಗಿ ನಿನ್ನ ಮನೆಯಲ್ಲೇ ವಾಸ ಮಾಡುತ್ತಾಳೆ ಅಂತ ತೋರಿಸಬೇಕು, ತೋರಿಸಬೇಕೋ ಬೇಡವೋ? ಇಷ್ಟೇ ಪ್ರಶ್ನೆ. ಮಗ ಟೆಡ್ ಆಗಲಿ ಅನ್ನುತ್ತಾನೆ. ಸೊಸೆ ಲಟ್ರೀಸ್ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಮೊನ್ನೆ ಬಿಟ್ಟಳು, ಅದನ್ನು ಆಮೇಲೆ ಹೇಳುತ್ತೇನೆ. ಸೆಲೀನಾ ಸೋಮವಾರ ಒಂದು ಅಂದರೆ ಮಂಗಳವಾರ ಇನ್ನೊಂದು ಅನ್ನುತ್ತಾಳೆ. ವಿಳಾಸ ಕೊಡುವವಳು ನಿಮ್ಮ ಗೆಳತಿಯಲ್ಲವೇ, ನೀವೇ ತೀರ್ಮಾನ ಮಾಡಿ ಅಂತ ಎಲ್ಲರೂ ಸೇರಿ ನನ್ನ ಕೊರಳಿಗೆ ಕಟ್ಟಿದ್ದಾರೆ. ನನಗೋ, ಅಂಗಡಿಯಲ್ಲಿ ಯಾವ ಬಣ್ಣದ ದಾರ ಕೊಳ್ಳಬೇಕು ಅಂತ ತೀರ್ಮಾನಿಸಲು ಅರ್ಧ ದಿನ ಬೇಕು.

ಎಲ್ಲ ಶುರುವಾದದ್ದು ನಮ್ಮ ಈಸ್ಟರ್ ಉಪವಾಸ ಕಾಲದ ಹಿಂದಿನ ಆ ಮಂಗಳವಾರ, ಬೇಕರಿಯ ಮುಂದಿನ ಸಾಲಿನಲ್ಲಿ. ಊರು ಬಿಟ್ಟು ಹೋದ ಪೋಲಿಷ್ ಜನವೆಲ್ಲ ವರ್ಷಕ್ಕೊಮ್ಮೆ ಪೂಂಚ್ಕಿ ಕೊಳ್ಳಲು ಹಿಂದಿರುಗಿ ಬರುವ ದಿನ ಅದು. ಜಾಮು ತುಂಬಿ ಕರಿದ ಒಂದು ಉಂಡೆಗಾಗಿ ಇಷ್ಟು ದೂರ ಬರುವವರು ಸತ್ತವರ ದಿನಕ್ಕೆ ಅಪ್ಪ ಅಮ್ಮನ ಸಮಾಧಿಗೂ ಬರುವುದಿಲ್ಲ ಅಂತ ನಾನು ಪ್ರತಿ ವರ್ಷ ಚುಚ್ಚುತ್ತೇನೆ, ನೀನು ಪ್ರತಿ ವರ್ಷ ಕೇಳಿಸದವಳ ಹಾಗೆ ನಿಲ್ಲುತ್ತೀಯ. ಈ ಸಲ ನೀನು ತುಪ್ಪಳದ ಕಾಲರಿನ ಆ ಹಳೇ ಕೋಟು ಹಾಕಿಕೊಂಡು, ಚಳಿಗೆ ಕಾಲು ಕುಟ್ಟುತ್ತಾ ನಿಂತಿದ್ದೆ. ಆ ಕೋಟು ಈಗ ನಿನಗೆ ದೊಡ್ಡದಾಗಿದೆ. ಅವತ್ತು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಸರಿಯಾಗಿ ಊಟ ಮಾಡು.

ನಮ್ಮ ಮುಂದೆ ಅಬ್ದೊ ನಿಂತಿದ್ದ, ನೆನಪಿದೆಯಾ? ಪಕ್ಕದ ಮನೆಯ ಯೆಮನಿ, ಸೆಲೀನಾಳ ಗೆಳತಿ ಅರ್ವಾಳ ಅಪ್ಪ. ಈ ವರ್ಷ ಅವರ ರಂಜಾನ್ ಉಪವಾಸವೂ ನಮ್ಮ ಉಪವಾಸವೂ ಹೆಚ್ಚು ಕಡಿಮೆ ಒಟ್ಟಿಗೇ ಬಂದಿದ್ದವು. ಹಂದಿಕೊಬ್ಬಿನಲ್ಲಿ ಕರಿದದ್ದಲ್ಲ ತಾನೆ ಅಂತ ಎರಡೆರಡು ಸಲ ಕೇಳಿ ಡಬ್ಬಿ ಕಟ್ಟಿಸಿಕೊಂಡ. ನೀನು ನನ್ನ ಕಿವಿಯಲ್ಲಿ ಪಿಸುಗುಟ್ಟಿದೆ.

"ಇವ್ರೂ ತಿಂತಾರೇನೆ ಇದನ್ನ?"

"ಬಾಯಿದೆಯಲ್ಲ, ತಿಂತಾರೆ."

ಆಮೇಲೆ ನೀನು ಸೆಲೀನಾಳ ಓದಿನ ಬಗ್ಗೆ ಕೇಳಿದೆ. ಶಾಲೆಯ ವರದಿ ಬಂದಿದೆ, ಟೆಡ್ ನಿದ್ದೆಗೆಟ್ಟಿದ್ದಾನೆ ಅಂದೆ ನಾನು. ಅಷ್ಟೇ ಸಾಕಾಯಿತು. ನನ್ನ ತೋಳು ಹಿಡಿದು ಎಳೆದೆ.

"ನನ್ ವಿಳಾಸ ಕೊಡ್ತೀನಿ ಕಣೇ. ನಲವತ್ತು ವರ್ಷ ಆ ಶಾಲೆಗೆ ತೆರಿಗೆ ಕಟ್ಟಿದೀನಿ. ಒಂದೇ ಒಂದು ಮಗೂನ ಕಳ್ಸೋ ಹಕ್ಕಿಲ್ವಾ ನಂಗೆ?"

ನಾನು ಜೋರಾಗಿ ನಕ್ಕೆ. ಆಮೇಲೆ ನಿನ್ನ ಮುಖ ನೋಡಿದೆ. ನೀನು ನಗುತ್ತಿರಲಿಲ್ಲ.

ಬ್ರೋನ್ಯಾ, ನೀನು ಊರು ಬಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಕಾರಿನ ಸೀಟು ಹೊಲಿಯುವ ಆ ಫ್ಯಾಕ್ಟರಿಯಲ್ಲಿ ನಿನ್ನ ಮಷಿನ್ ನನ್ನ ಮಷಿನ್ ಅಕ್ಕಪಕ್ಕ. "ಇಲ್ಲಿ ಶಾಲೆಗಳು ಕೆಡ್ತಾ ಇವೆ ಯಾಂಕಾ, ಮಕ್ಕಳಾಗೋಕೆ ಮುಂಚೆನೇ ಹೋಗಿಬಿಡಬೇಕು" ಅಂದೆ. ಆಗ ನನ್ನ ಟೆಡ್ ಇನ್ನೂ ಅಂಬೆಗಾಲಿಡುತ್ತಿದ್ದ. ನನಗೆ ಉರಿದುಹೋಯಿತು. ಇಲ್ಲಿರುವ ಮಕ್ಕಳೇನು ಕಸವಾ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ನೀನು ಮಕ್ಕಳಿಗಾಗಿ ಶಾಲೆ ಹುಡುಕಿಕೊಂಡು ಹೋದೆ. ಶಾಲೆ ಸಿಕ್ಕಿತು, ಮಕ್ಕಳು ಬರಲಿಲ್ಲ. ಮೊದಮೊದಲು, ದೇವರು ಕ್ಷಮಿಸಲಿ, ಆಗಬೇಕು ಅಂದುಕೊಂಡಿದ್ದೆ. ಆಮೇಲೆ ನೀನು ಪ್ರತಿ ಕ್ರಿಸ್‌ಮಸ್ಸಿಗೂ ಟೆಡ್‌ನ ಅಳತೆಗೆ ಸ್ವೆಟರ್ ಹೆಣೆದು ಕಳಿಸಿದಾಗ ಆ ಉರಿಯೆಲ್ಲ ಎಲ್ಲಿ ಹೋಯಿತೋ ತಿಳಿಯದು. ಅದೇ ಟೆಡ್ ಕರಿಯರ ಹುಡುಗಿ ಲಟ್ರೀಸಳನ್ನು ಮದುವೆಯಾದ ದಿನ ನೀನು ಬರಲಿಲ್ಲ. ಮಂಡಿ ನೋವು ಅಂದೆ. ಈಗ ಲಟ್ರೀಸಳ ಮಗಳಿಗಾಗಿ ಹಾಸಿಗೆ ಹಾಸಿಟ್ಟಿದ್ದೀಯ. ಮಂಡಿ ವಾಸಿಯಾಗಲು ಇಷ್ಟು ವರ್ಷ ಹಿಡಿಯಿತು ಅಂದುಕೊಳ್ಳುತ್ತೇನೆ. ಲಟ್ರೀಸಳೂ ಹಾಗೇ ಅಂದುಕೊಂಡಿದ್ದಾಳೆ, ಅವಳು ನನಗಿಂತ ಒಳ್ಳೆಯವಳು.

ಇರಲಿ, ವರದಿಯ ವಿಷಯ ಹೇಳುತ್ತೇನೆ, ಯಾಕೆಂದರೆ ನನ್ನ ತಲೆ ಕೆಟ್ಟದ್ದು ಅಲ್ಲಿಂದಲೇ. ನಮ್ಮ ರಾಜ್ಯದವರು ಪ್ರತಿ ವರ್ಷ ಪ್ರತಿ ಶಾಲೆಯ ಮಕ್ಕಳನ್ನು ಸಾಲುಸಾಲಾಗಿ ವಿಂಗಡಿಸಿ, ಯಾವ ಸಾಲಿನಲ್ಲಿ ಎಷ್ಟು ಮಕ್ಕಳು ಪರೀಕ್ಷೆ ದಾಟಿದರು ಅಂತ ಪ್ರಕಟಿಸುತ್ತಾರೆ. ಏಷ್ಯಾದವರು ಒಂದು ಸಾಲು, ಕರಿಯರು ಒಂದು ಸಾಲು, ಬಿಳಿಯರು ಒಂದು ಸಾಲು, ಹೀಗೆ. ಟೆಡ್ ಇದೇ ಮೇಜಿನ ಮೇಲೆ ಕೂತು ಫೋನಿನಲ್ಲಿ ಓದಿದ. ನಮ್ಮ ಮಿಡಲ್ ಸ್ಕೂಲಿನಲ್ಲಿ ಬೆಂಗಾಲಿ ಮಕ್ಕಳಿರುವ ಏಷ್ಯಾ ಸಾಲು ಎಲ್ಲರಿಗಿಂತ ಮೇಲೆ. ಬಿಳಿಯರ ಸಾಲು ಎಲ್ಲೋ ಪಾತಾಳದಲ್ಲಿ. ಗಣಿತದಲ್ಲಿ ದಾಟಿದ್ದು ನೂರಕ್ಕೆ ಹದಿನಾರು.

"ನೋಡಮ್ಮಾ, ನಮ್ ಮಕ್ಕಳ ಗತಿ. ನಮ್ಮೋರನ್ನ ಕೇಳೋರೇ ಇಲ್ಲ ಆ ಸ್ಕೂಲಲ್ಲಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವನು, ಅಪ್ಪನ ಹಾಗೆ. ಆದರೆ ನಾನೂ ಕಟ್ಟಿಬಿಟ್ಟೆ ಬ್ರೋನ್ಯಾ. ರಾತ್ರಿಯ ಅಡುಗೆ ಮಾಡುತ್ತಾ ನಮ್ಮ ಪೋಲಿಷ್ ಮಕ್ಕಳು ಆ ಶಾಲೆಯಲ್ಲಿ ಯಾರ್‍ಯಾರಿದ್ದಾರೆ ಅಂತ ನೆನಪು ಮಾಡಿಕೊಂಡೆ. ಚರ್ಚಿನಲ್ಲಿ ಆರ್ಗನ್ ನುಡಿಸುವವರ ಮೊಮ್ಮಗ. ನಮ್ಮ ಸೆಲೀನಾ. ಆಮೇಲೆ ಯಾರೂ ಹೊಳೆಯಲಿಲ್ಲ. ಇಬ್ಬರು ಮಕ್ಕಳನ್ನು ನೂರಕ್ಕೆ ಹದಿನಾರು ಮಾಡುವುದು ಹೇಗೆ? ಉಳಿದ ಬಿಳಿಯರು ಎಲ್ಲಿಂದ ಬಂದರು? ನನಗೆ ಕಾಣಿಸದ ಹಾಗೆ ನಮ್ಮ ಬೀದಿಯಲ್ಲಿ ಯಾರಾದರೂ ಮನೆ ಮಾಡಿದ್ದಾರಾ ಅಂತ ಕಿಟಕಿಯಿಂದ ನೋಡಿದೆ ಕೂಡ.

ಮುಂದಿನ ವಾರ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಟೆಡ್‌ಗೆ ಕೆಲಸ, ಲಟ್ರೀಸಳಿಗೆ ಆಸ್ಪತ್ರೆ ಡ್ಯೂಟಿ, ನಾನು ಹೋದೆ. ಮಕ್ಕಳು ಊಟ ಮಾಡುವ ಹಾಲಿನಲ್ಲಿ ಕುರ್ಚಿ ಹಾಕಿದ್ದರು. ಛಾವಣಿ ಸೋರುವ ಕಡೆ ಎಂದಿನ ಹಾಗೆ ಬಕೆಟ್ ಇತ್ತು. ಹೆಡ್‌ಮಿಸ್ ಪರದೆಯ ಮೇಲೆ ಅದೇ ಸಾಲುಗಳನ್ನು ತೋರಿಸಿ, "ನಮ್ಮ ಬಿಳಿ ವಿದ್ಯಾರ್ಥಿಗಳಿಗೆ ಹೆಚ್ಚಿನ ಗಮನ ಬೇಕಾಗಿದೆ" ಅಂದರು. ಹಿಂದಿನ ಸಾಲಿನಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು. ತಿರುಗಿ ನೋಡಿದರೆ ಅಬ್ದೊ. ಅವನು ನನ್ನನ್ನು ಖಾಲಾ ಅನ್ನುತ್ತಾನೆ, ನಾವು ಚಿಕ್ಕಮ್ಮ ಅನ್ನುವ ಹಾಗೆ.

"ಆ ಬಿಳಿಯರು ನಾವೇ, ಖಾಲಾ."

"ನೀವಾ? ನೀವ್ ಹೇಗಪ್ಪಾ ಬಿಳಿಯರು?"

"ಮಗಳನ್ನ ಸೇರ್ಸೋವಾಗ ಕೇಳ್ದೆ. ಕರಿಯರು ಅಂತ ಹಾಕ್ಲಾ ಅಂದೆ, ಅಲ್ಲ ಅಂದ್ರು. ಏಷ್ಯಾ ಹಾಕ್ಲಾ, ಯೆಮನ್ ಇರೋದು ಏಷ್ಯಾದಲ್ಲೇ ಅಂದೆ, ಅದೂ ಅಲ್ಲ ಅಂದ್ರು. ಅರಬ್ಬರೆಲ್ಲ ಬಿಳಿಯರ ಲೆಕ್ಕವಂತೆ. ಹೋಗ್ಲಿ ಬಿಡಿ ಅಂತ ಬಿಳಿ ಆದೆ. ಏರ್‌ಪೋರ್ಟಲ್ಲಿ ಮಾತ್ರ ಇನ್ನೂ ಯಾರೂ ಒಪ್ಪಿಲ್ಲ."

ಬ್ರೋನ್ಯಾ, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಡ್‌ಮಿಸ್ ಮಾತು ನಿಲ್ಲಿಸಿದರು. ಅಬ್ದೊನೂ ನಕ್ಕ, ಅವನ ಪಕ್ಕದ ಹೆಂಗಸರೂ ಕರಿ ಬುರ್ಖಾದೊಳಗೆ ನಕ್ಕರು. ಅಲ್ಲಿ ಕೂತಿದ್ದ ಬಿಳಿಯರೆಲ್ಲ ಅವರೇ. ನೀನು, ನಾನು, ನಿನ್ನ ಸ್ಟಾನ್, ನನ್ನ ಗಂಡ, ನಾವೆಲ್ಲ ಒಂದು ಕಾಲಕ್ಕೆ ಕೂತಿದ್ದ ಬಿಳಿ ಅನ್ನುವ ಕುರ್ಚಿಯಲ್ಲಿ ಈಗ ಯೆಮನಿನವರು ಕೂತಿದ್ದಾರೆ, ಅದೂ ಬೇಡವೆಂದರೂ ಕೂರಿಸಿದ್ದಾರೆ.

ಹೇಗೂ ನಕ್ಕು ಮಾನ ಕಳೆದುಕೊಂಡಾಗಿತ್ತು, ಎದ್ದು ನಿಂತು ಕೇಳಿಯೇಬಿಟ್ಟೆ. ನನ್ನ ಮೊಮ್ಮಗಳು ಯಾವ ಸಾಲು? ಹೆಡ್‌ಮಿಸ್ ಒಳ್ಳೆಯ ಹೆಂಗಸು, ಸಮಾಧಾನದಿಂದ ಹೇಳಿದರು. ಅಪ್ಪ ಒಂದು ಜನ ಅಮ್ಮ ಒಂದು ಜನ ಆದ ಮಕ್ಕಳಿಗೆ ಬೇರೆ ಸಾಲಂತೆ. ಕೆಳಗೆ, ಕೊನೆಯಲ್ಲಿ. ಆ ಸಾಲಿನಲ್ಲಿ ಅಂಕಿಯೇ ಇರಲಿಲ್ಲ, ಒಂದು ಸಣ್ಣ ನಕ್ಷತ್ರದ ಗುರುತಿತ್ತು.

"ತುಂಬಾ ಕಮ್ಮಿ ಮಕ್ಕಳಿದ್ರೆ ಯಾವ ಮಗೂಂತ ಗುರುತು ಸಿಕ್ಕಿಬಿಡುತ್ತೆ ಅಂತ ಅಂಕಿ ತೋರ್ಸಲ್ಲ ಅಮ್ಮಾ."

ಮನೆಗೆ ಬರುವ ದಾರಿಯಲ್ಲಿ ನನ್ನ ನಗು ಇಳಿಯಿತು. ಒಂದು ಕಡೆ ಮಸೀದಿಯ ಬಾಂಗು, ಇನ್ನೊಂದು ಕಡೆ ನಮ್ಮ ಚರ್ಚಿನ ಗಂಟೆ, ನಡುವೆ ನಾನು. ಪಾತಾಳದಲ್ಲಿರುವವರು ನಮ್ಮವರಲ್ಲ ಅಂತ ಗೊತ್ತಾದಾಗ ಒಂದು ಗಳಿಗೆ ನನ್ನ ಎದೆ ಹಗುರಾಗಿತ್ತು. ಹಗುರಾಗಿದ್ದಕ್ಕೆ ಈಗ ನಾಚಿಕೆಯಾಯಿತು. ನಮ್ಮವರಲ್ಲ ಅಂದರೆ ಯಾರು? ಅರ್ವಾ. ದಿನಾ ಸಂಜೆ ನನ್ನ ಮೇಜಿನ ಮೇಲೆ ಬ್ರೆಡ್ಡು ಬೆಣ್ಣೆ ತಿನ್ನುವ ಹುಡುಗಿ. ಆ ಹದಿನಾರರಲ್ಲಿ ಅವಳಿಲ್ಲ, ಅವಳು ಉಳಿದವರಲ್ಲಿದ್ದಾಳೆ. ಟೆಡ್‌ಗೆ ಹೇಳಿದೆ. ಅವನು ನಗಲಿಲ್ಲ.

"ಹಾಗಾದ್ರೆ ಇನ್ನೂ ಕಷ್ಟ ಅಲ್ವೇನಮ್ಮಾ. ಅವರಿಗೆ ಅಂಕಿನಾದ್ರೂ ಇದೆ. ಇವಳು ಮುಳುಗಿದ್ರೆ ಗೊತ್ತೂ ಆಗಲ್ಲ."

ಅದೂ ನಿಜ.

ಆ ಎರಡು ಹುಡುಗಿಯರನ್ನು ನೀನು ನೋಡಬೇಕು. ಅರ್ವಾ ಬಂದು ಎರಡೂವರೆ ವರ್ಷವಾಗಿರಬೇಕು. ಲೆಕ್ಕದಲ್ಲಿ ಬಲು ಚುರುಕು, ಆದರೆ ಇಂಗ್ಲಿಷ್ ಇನ್ನೂ ತೊಡರುತ್ತದೆ. ನಮ್ಮವಳಿಗೆ ಮಾತು ಮುತ್ತಿನ ಹಾಗೆ, ಅಂಕಿ ಕಂಡರೆ ಜ್ವರ. ಈಗಿನ ಲೆಕ್ಕಗಳೆಲ್ಲ ಕಥೆ ಕಣೇ. ರೈತನೊಬ್ಬ ಹೊಲಕ್ಕೆ ಬೇಲಿ ಹಾಕುತ್ತಾನೆ, ಒಂದು ಕಡೆ ನದಿ ಇದೆ, ಆ ಕಡೆ ಬೇಲಿ ಬೇಡ, ಹೀಗೆ. ಸೆಲೀನಾ ಕಥೆ ಓದುತ್ತಾಳೆ, ನದಿ ಅಂದರೆ ಹೀಗೆ ಅಂತ ಕೈ ಬಳುಕಿಸುತ್ತಾಳೆ, ಉಪ್ಪಿನ ಡಬ್ಬಿಯನ್ನು ರೈತ ಮಾಡುತ್ತಾಳೆ. ಅವಳು ಮಾತು ಮುಗಿಸುವಷ್ಟರಲ್ಲಿ ಅರ್ವಾ ಉತ್ತರ ಬರೆದಿರುತ್ತಾಳೆ. ಆಮೇಲೆ ಅರ್ವಾ ಅದೇ ಉಪ್ಪಿನ ಡಬ್ಬಿ ಹಿಡಿದು ಹೇಗೆ ಬಂತು ಅಂತ ಇವಳಿಗೆ ಕಲಿಸುತ್ತಾಳೆ. "ಅಯ್ಯೋ ದಡ್ಡಿ, ನದಿ ಕಡೆ ಯಾಕೆ ಕೂಡ್ತೀಯ?" ಅಂತ ತಲೆಗೆ ಮೊಟಕುತ್ತಾಳೆ. ನಾನು ಪಕ್ಕದಲ್ಲಿ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಾ ನೋಡುತ್ತೇನೆ. ಪರೀಕ್ಷೆಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸುತ್ತಾರೆ, ಕೂರಿಸಬೇಕಾದ್ದೇ. ಇಬ್ಬರೂ ಕೆಳಗೆ ಬೀಳುತ್ತಾರೆ. ಒಬ್ಬಳು ಹದಿನಾರರ ಆಚೆ, ಒಬ್ಬಳು ನಕ್ಷತ್ರದ ಹಿಂದೆ.

ಅಂತ ಹೇಳಿ ನಮ್ಮ ಶಾಲೆಗೆ ನಾನು ಬಣ್ಣ ಬಳಿಯುತ್ತಿಲ್ಲ. ಈ ವರ್ಷ ಗಣಿತದ ಮೇಷ್ಟ್ರು ಒಬ್ಬರ ಹಿಂದೆ ಒಬ್ಬರು ಬಿಟ್ಟು ಹೋದರು. ಕೆಲವು ವಾರ ಯಾರೋ ಬಂದು ಮಕ್ಕಳಿಗೆ ಸಿನಿಮಾ ಹಾಕಿ ಕೂರಿಸಿದರು. ಪಿಟೀಲು ಕಲಿಸುತ್ತಿದ್ದುದು ನಿಂತುಹೋಯಿತು. ಸೆಲೀನಾ ಪಿಟೀಲಿಗಾಗಿ ಅತ್ತಳು. ಹೀಗಿರುವಾಗ ನಿನ್ನ ವಿಳಾಸ ಬೇಡ ಅನ್ನುವುದಕ್ಕೆ ನಾನ್ಯಾರು?

ಮಾರ್ಚಿನ ಆ ಭಾನುವಾರ ನಿನ್ನ ಮನೆಗೆ ಬಂದೆವಲ್ಲ, ದಾರಿಯಲ್ಲಿ ನಿಮ್ಮೂರ ಶಾಲೆಯ ಮುಂದೆ ಕಾರು ನಿಧಾನ ಮಾಡಿದೆ. ದೂರದ ಬೆಟ್ಟ ನುಣ್ಣಗೆ ಅಂತ ಹೇಳಿಕೊಳ್ಳೋಣವೆಂದರೆ ಹತ್ತಿರದಿಂದಲೂ ನುಣ್ಣಗೇ ಇತ್ತು. ಗೋಡೆಯೆಲ್ಲ ಗಾಜು. ಬಾಗಿಲಲ್ಲಿ ಹತ್ತಕ್ಕೆ ಹತ್ತು ಅಂಕದ ಶಾಲೆ ಅಂತ ಬ್ಯಾನರು. ಹಿಂದಿನ ಸೀಟಿನಿಂದ ಸೆಲೀನಾ ಕೇಳಿದಳು.

"ಬುಶಾ, ಇಲ್ಲಿ ನಂಗೆ ನಂಬರ್ ಇರುತ್ತಾ? ಇಲ್ಲೂ ಸ್ಟಾರಾ?"

ಅಜ್ಜಿಯನ್ನು ಬುಶಾ ಅನ್ನುವ ಕೊನೆಯ ಹುಡುಗಿ ನಮ್ಮ ಬೀದಿಯಲ್ಲಿ ಇವಳೇ ಇರಬೇಕು. ನನಗೆ ಗೊತ್ತಿಲ್ಲ ಪುಟ್ಟೀ ಅಂದೆ. ನಿಜವಾಗಿ ಗೊತ್ತಿರಲಿಲ್ಲ.

ನೀನು ಪಿಯೆರೋಗಿ ಕಡುಬು ಬೇಯಿಸಿಟ್ಟಿದ್ದೆ, ಎಲೆಕೋಸಿನದು ಅವಳಿಗೆ ಇಷ್ಟ ಅಂತ ಯಾರು ಹೇಳಿದರೋ. ಆ ಸಣ್ಣ ಕೋಣೆಗೆ ಹಳದಿ ಬಣ್ಣ ಹೊಡೆಸಿದ್ದೆ. ಆ ಕೋಣೆಯನ್ನು ನೀನು ಮೊದಲು ಯಾಕೆ ಇಟ್ಟುಕೊಂಡಿದ್ದೆ ಅಂತ ನನಗೆ ಗೊತ್ತು, ಆಮೇಲೆ ಅದು ಹೊಲಿಗೆ ಕೋಣೆ ಹೇಗಾಯಿತು ಅಂತಲೂ ಗೊತ್ತು. ಹೊಸ ಹಾಸಿಗೆ, ಅದರ ಪಕ್ಕ ಚಪ್ಪಲಿ, ಗೋಡೆಯ ಮೇಲೆ ಸಣ್ಣ ಶಿಲುಬೆ. ಸೆಲೀನಾ ಹಾಸಿಗೆಯ ಮೇಲೆ ಕೂತು ಮೆಲ್ಲಗೆ ಕುಪ್ಪಳಿಸಿ ನೋಡಿದಳು. ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ. ಲೋಟದಲ್ಲಿ ಎರಡು ಹಲ್ಲುಜ್ಜುವ ಬ್ರಷ್ ಇದ್ದವು, ನಿನ್ನದು, ಪಕ್ಕದಲ್ಲಿ ಚಿಕ್ಕದೊಂದು ನೀಲಿಯದು. ಯಾಕೋ ಮುಟ್ಟಿದೆ. ಒದ್ದೆಯಾಗಿತ್ತು.

ನೀನು ಬಾಗಿಲಲ್ಲೇ ನಿಂತಿದ್ದೆ. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ನೀನು ನಕ್ಕೆ.

"ಮಗು ಇಲ್ಲೇ ಇದೆಯಾ ಅಂತ ನೋಡೋಕೆ ಶಾಲೆಯೋರು ಮನೆಗೇ ಬರ್ತಾರಂತೆ ಕಣೇ. ಬ್ರಷ್ ಮುಟ್ಟಿ ನೋಡ್ತಾರಂತೆ. ಅದಕ್ಕೆ ದಿನಾ ಬೆಳಿಗ್ಗೆ ನಂದು ಉಜ್ಜಿ ಆದ್ಮೇಲೆ ಅದನ್ನೂ ಒಂದ್ಸಲ ನೆನೆಸಿಡ್ತೀನಿ."

"ಶಾಲೆ ಶುರುವಾಗೋದು ಆಗಸ್ಟಲ್ಲಿ, ಬ್ರೋನ್ಯಾ."

"ಅಭ್ಯಾಸ ಆಗ್ಲಿ ಅಂತ."

ನಾನು ನಲ್ಲಿ ತಿರುಗಿಸಿ ಮತ್ತೆ ಕೈ ತೊಳೆದುಕೊಂಡೆ. ತೊಳೆದ ಕೈಯನ್ನೇ ಎಷ್ಟು ಹೊತ್ತು ತೊಳೆದೆನೋ. ನನಗೆ ನಿನ್ನನ್ನು ತಬ್ಬಿಕೊಳ್ಳಬೇಕು ಅನಿಸಿತು, ಬೈಯಬೇಕು ಅಂತಲೂ ಅನಿಸಿತು. ಯಾವುದು ಮೊದಲು ಅಂತ ತಿಳಿಯದೆ ಟವೆಲ್ ಎಲ್ಲಿದೆ ಅಂತ ಕೇಳಿದೆ.

ಲಟ್ರೀಸ್ ಬಾಯಿ ಬಿಟ್ಟದ್ದು ಅದಾದ ಎರಡು ದಿನಕ್ಕೆ. ಆಸ್ಪತ್ರೆಯಿಂದ ಬಂದವಳು ಆ ನರ್ಸಿನ ಉಡುಪಿನಲ್ಲೇ ಕೂತು ಸೂಪು ಕುಡಿಯುತ್ತಿದ್ದಳು. ಟೆಡ್ ನಿಮ್ಮೂರ ಬೀದಿಯ ಹೆಸರು ಹೇಳಿ, ಸೆಲೀನಾಳಿಗೆ ಈಗಿಂದಲೇ ಬಾಯಿಪಾಠ ಮಾಡಿಸಬೇಕು ಅಂದ. ಅವಳು ಚಮಚ ಕೆಳಗಿಟ್ಟಳು.

"ನಾನೂ ಒಂದು ಬೀದಿ ಹೆಸರು ಬಾಯಿಪಾಠ ಮಾಡಿದ್ದೆ ಅತ್ತೆ. ಈಗ್ಲೂ ಬರುತ್ತೆ, ಹೇಳ್ಲಾ?"

ಹೇಳಿದಳು. ಮನೆ ನಂಬರು ಸಮೇತ. ಅವಳ ಅಮ್ಮ ಅವಳನ್ನು ಸೋದರತ್ತೆಯ ವಿಳಾಸ ಕೊಟ್ಟು ಹೊರವಲಯದ ಒಂದು ಶಾಲೆಗೆ ಹಾಕಿದ್ದಳಂತೆ. ಬೆಳಿಗ್ಗೆ ಎರಡು ಬಸ್ಸು. ಗೆಳತಿಯರು ಮನೆಗೆ ಕರೆದರೆ ಹೋಗುವ ಹಾಗಿಲ್ಲ, ಯಾಕೆಂದರೆ ಅವರನ್ನು ಮನೆಗೆ ಕರೆಯುವ ಹಾಗಿಲ್ಲ. ಏಳನೇ ಕ್ಲಾಸಿನಲ್ಲಿ ಶಾಲೆಯವರು ಕಳಿಸಿದ ಯಾರೋ ಒಬ್ಬ ಕಾರಿನಲ್ಲಿ ಬಸ್ಸನ್ನು ಹಿಂಬಾಲಿಸಿದ. ಅದಾದ ಮೇಲೆ ಒಂದು ದಿನ ವಿಜ್ಞಾನದ ಕ್ಲಾಸು ನಡೆಯುತ್ತಿರುವಾಗ ಆಫೀಸಿನ ಹೆಂಗಸು ಬಾಗಿಲಿಗೆ ಬಂದು ಬ್ಯಾಗು ತಗೊಂಡು ಬಾ ಅಂದಳಂತೆ. ಮೇಷ್ಟ್ರು ನೆಲ ನೋಡಿದರಂತೆ. ಮೇಜಿನ ಮೇಲೆ ಅವಳು ನೆನೆಹಾಕಿದ್ದ ಅವರೆ ಬೀಜ ಮೊಳಕೆ ಬಂದಿತ್ತಂತೆ, ಅದನ್ನು ತಗೊಳ್ಳಬಹುದೋ ಬಾರದೋ ತಿಳಿಯದೆ ಅಲ್ಲೇ ಬಿಟ್ಟು ಬಂದಳಂತೆ.

ಟೆಡ್ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ನಂಗ್ಯಾಕೆ ಹೇಳ್ಲಿಲ್ಲ ಇಷ್ಟು ವರ್ಷ?" ಅಂದ.

"ಎಲ್ಲಿ ಓದ್ದೆ ಅಂತ ನೀನು ಕೇಳ್ದೆ. ಎಲ್ಲಿಂದ ಎಬ್ಬಿಸಿ ಕಳ್ಸಿದ್ರು ಅಂತ ಕೇಳ್ಲಿಲ್ಲ."

ಹಾಗಾದರೆ ಬೇಡ ಅನ್ನು, ತೀರಿತಲ್ಲ ಅಂತ ನಾನು ಅಂದೆ. ನನಗೂ ಒಂದು ತೀರ್ಮಾನ ಸಿಕ್ಕರೆ ಸಾಕಾಗಿತ್ತು. ಅವಳು ತಲೆ ಅಲ್ಲಾಡಿಸಿದಳು.

"ಆ ಶಾಲೆ ಕೆಟ್ಟದ್ದು ಅಂತ ನಾನೆಲ್ಲಿ ಹೇಳ್ದೆ ಅತ್ತೆ? ತುಂಬಾ ಚೆನ್ನಾಗಿತ್ತು. ನಾನು ನರ್ಸ್ ಆಗಿದ್ದೇ ಆ ಮೇಷ್ಟ್ರಿಂದ. ಅದೇ ನಂಗೆ ಇವತ್ತಿಗೂ ಅರ್ಥ ಆಗದಿರೋದು. ನನ್ ಮಗಳಿಗೆ ಮಾತ್ರ ಸುಳ್ಳು ಬೀದಿ ಕಲ್ಸೋಕೆ ನಂಗಾಗಲ್ಲ, ಅಷ್ಟೇ."

ನೋಡಿದೆಯಾ? ಅತ್ತ ದರಿ ಇತ್ತ ಪುಲಿ. ಬೇಡ ಅನ್ನುವವಳೇ ಅದರಿಂದ ಬದುಕು ಕಟ್ಟಿಕೊಂಡಿದ್ದಾಳೆ. ಬೇಕು ಅನ್ನುವವನು ಇಲ್ಲೇ ಓದಿ, ಇಲ್ಲೇ ಒಳ್ಳೆಯ ಮೆಕ್ಯಾನಿಕ್ ಆಗಿದ್ದಾನೆ. ನೀನು ಶಾಲೆ ಕೆಡುತ್ತದೆ ಅಂತ ಹೋದೆ, ನೀನು ಹೋದ ಮೇಲೆ ಬಂದವರ ಮಕ್ಕಳು ಕೆಲವರು ಡಾಕ್ಟರಾದರು, ಕೆಲವರು ಓದು ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ನಿಂತರು. ಇದರಲ್ಲಿ ಯಾವುದು ಶಾಲೆಯಿಂದ ಆದದ್ದು, ಯಾವುದು ಅಡುಗೆಮನೆ ಮೇಜಿನಿಂದ ಆದದ್ದು? ಹೆಡ್‌ಮಿಸ್‌ನ ಪರದೆ ಅದನ್ನು ಹೇಳುವುದಿಲ್ಲ. ಪಾದ್ರಿಗಳನ್ನು ಕೇಳಿದೆ, ಪ್ರಾರ್ಥನೆ ಮಾಡು ಅಂದರು. ಮಾಡಿದೆ. ದೇವರೂ ನನ್ನ ಹಾಗೆ ಎರಡೂ ಕಡೆ ತಲೆಯಾಡಿಸಿದ ಹಾಗಿತ್ತು.

ಕಳೆದ ವಾರ ಅವರ ಉಪವಾಸ ಮುಗಿಯಿತು. ಅರ್ವಾ ಹಬ್ಬದ ಲಂಗ ಹಾಕಿಕೊಂಡು, ಅವಳಮ್ಮ ಮಾಡಿದ ಜೇನು ಸುರಿದ ಪದರ ರೊಟ್ಟಿಯನ್ನು ತಟ್ಟೆ ತುಂಬ ತಂದಳು. ನಮ್ಮವಳು ಈಸ್ಟರ್ ತನಕ ಸಿಹಿ ಬಿಟ್ಟಿದ್ದಾಳೆ, ಯಾರು ಮೊದಲು ವ್ರತ ಮುರೀತಾರೆ ಅಂತ ಇಬ್ಬರಿಗೂ ಪಂದ್ಯವಿತ್ತು. ಅರ್ವಾ ಬೇಕೆಂದೇ ಇವಳ ಮೂಗಿನ ಮುಂದೆ ಬೆರಳು ಚೀಪಿ ಚೀಪಿ ತಿಂದಳು. "ನಿನ್ ಪಾಲು ಫ್ರಿಜ್ಜಲ್ಲಿಡ್ತೀನಿ, ಹಾಳಾದ್ರೆ ನನ್ ಬೈಬೇಡ" ಅಂದಳು. ಅವಳು ಮನೆಗೆ ಹೋದ ಮೇಲೆ ಸೆಲೀನಾ ತಟ್ಟೆಗೆ ಪೇಪರು ಮುಚ್ಚುತ್ತಾ ನನ್ನ ಕಡೆ ನೋಡದೆ ಕೇಳಿದಳು. ಈಗ ನಿನ್ನನ್ನು ಅತ್ತೆ ಅಂತ, ಚೋಚಾ ಅಂತಲೇ ಕರೆಯುತ್ತಾಳೆ.

"ಬುಶಾ, ಬ್ರೋನ್ಯಾ ಚೋಚಾ ಮನೇಲಿರೋ ನೀಲಿ ಬ್ರಷ್ ನಂದೇ ಅಲ್ವಾ?"

"ನಿಂದೇ."

"ನಾನು ಆ ಸ್ಕೂಲಿಗೆ ಸೇರದಿದ್ರೂ ನಂದೇನಾ? ಇಲ್ಲ ಬಿಸಾಕಿಬಿಡ್ತಾರಾ?"

ಬ್ರೋನ್ಯಾ, ಅವಳೂ ಮುಟ್ಟಿ ನೋಡಿದ್ದಾಳೆ. ನಮ್ಮಿಬ್ಬರಿಗೂ ಕಾಣದ ಹಾಗೆ.

ಅದಕ್ಕೆ ಈಗ ಕೇಳು, ನನ್ನ ಉತ್ತರ. ಉಹೂಂ. ನಿನ್ನ ವಿಳಾಸ ನಮಗೆ ಬೇಡ. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಹತ್ತು ವರ್ಷ ಕಳೆದ ಮೇಲೆ ಈ ಹುಡುಗಿ ಬಂದು, ಬುಶಾ, ಗಾಜಿನ ಶಾಲೆ ಕೈಗೆ ಬಂದಿತ್ತು, ನೀನು ತಪ್ಪಿಸಿದೆ ಅಂದರೆ ಬೈಸಿಕೊಳ್ಳುತ್ತೇನೆ. ಆಗ ನಾನು ಸಮಾಧಿಯಲ್ಲಿದ್ದರೆ ನೀನು ಬೈಸಿಕೋ. ಟೆಡ್ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಮುಂದಿನ ಸಭೆಗೆ ತಾನೇ ಹೋಗಿ ಗಣಿತದ ಮೇಷ್ಟ್ರು ಎಲ್ಲಿ ಅಂತ ಕೇಳುತ್ತಾನಂತೆ, ಅಬ್ದೊನೂ ಬರುತ್ತಾನಂತೆ. ಇಬ್ಬರು ಬಿಳಿಯರು ಸೇರಿ ಹೋದರೆ ಹೆಡ್‌ಮಿಸ್ ಕೇಳಿಯಾರು ಅಂತ ಅಬ್ದೊ ನಗುತ್ತಾನೆ.

ನಿನಗೆ ಸಿಟ್ಟು ಬಂದಿದೆ, ಗೊತ್ತು. ಕಾಗದವನ್ನು ಮೇಜಿನ ಮೇಲೆ ಬಡಿದು ಎದ್ದು ಹೋಗಿ ಚಹಾಕ್ಕೆ ನೀರಿಟ್ಟಿರುತ್ತೀಯ. ವಾಪಸ್ ಬಂದು ಇನ್ನು ನಾಲ್ಕು ಸಾಲು ಓದು. ಪವಿತ್ರ ಶನಿವಾರ, ಹಬ್ಬದ ಹಿಂದಿನ ದಿನ, ನಿನ್ನ ಬುಟ್ಟಿಯನ್ನು ಇಲ್ಲಿಗೇ ತಾ. ಮೊಟ್ಟೆ, ಬ್ರೆಡ್ಡು, ಉಪ್ಪು, ಎಲ್ಲ ತಾ, ಬೆಣ್ಣೆಯ ಕುರಿಮರಿ ಮಾತ್ರ ತರಬೇಡ, ಸೆಲೀನಾ ಮಾಡುತ್ತಿದ್ದಾಳೆ, ಈಗಿನ ಮಟ್ಟಿಗೆ ಅದು ಹಂದಿಯ ಹಾಗಿದೆ. ನಾವಿಬ್ಬರೂ ಚಿಕ್ಕಂದಿನಲ್ಲಿ ಬಿಳಿ ಲಂಗ ಹಾಕಿಕೊಂಡು ನಿಂತಿದ್ದ ಅದೇ ಚರ್ಚಿನಲ್ಲಿ ಪಾದ್ರಿಗಳು ಬುಟ್ಟಿಗೆ ಪವಿತ್ರ ನೀರು ಚಿಮುಕಿಸಲಿ. ಲಟ್ರೀಸ್ ನಿನಗಾಗಿ ಕುರ್ಚಿ ಹಾಕುತ್ತಾಳೆ, ಮಂಡಿಗೆ ಹಿತವಾಗುವಂಥದ್ದು.

ಹಬ್ಬ ಕಳೆದ ಮೇಲಿನ ಮೊದಲ ಶುಕ್ರವಾರ ಸಂಜೆ ಸೆಲೀನಾಳನ್ನು ನಿನ್ನಲ್ಲಿಗೆ ಕರೆತಂದು ಬಿಡುತ್ತೇನೆ. ಆಮೇಲೆ ಪ್ರತಿ ಶುಕ್ರವಾರ. ಯಾವ ಶಾಲೆಗೂ ಅಲ್ಲ, ನಿನ್ನಲ್ಲಿಗೆ. ನಿಮ್ಮ ಚರ್ಚಿನಲ್ಲಿ ಪಿಟೀಲು ಕಲಿಸುವವರಿದ್ದಾರೆ ಅಂದಿದ್ದೆಯಲ್ಲ, ವಿಚಾರಿಸಿಡು. ಅರ್ವಾಳನ್ನು ಅವಳಪ್ಪ ರಾತ್ರಿ ಉಳಿಯಲು ಬಿಡುವುದಿಲ್ಲ, ಕೇಳಲೂ ಹೋಗಬೇಡ. ಆದರೆ ಶನಿವಾರ ಹಗಲು ತಾನೇ ಕರೆತರುತ್ತೇನೆ ಅಂದಿದ್ದಾನೆ. ಇಬ್ಬರಿಗೂ ಎಲೆಕೋಸಿನ ಕಡುಬು ಮಾಡು, ಹಂದಿಕೊಬ್ಬು ಹಾಕಬೇಡ. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇರಲಿ, ಅವರಿಗೆ ರೈತ ಬೇಕು.

ಆ ನೀಲಿ ಬ್ರಷ್ಷನ್ನು ಇನ್ನು ನೆನೆಸಬೇಡ ಕಣೇ. ಒಣಗಲಿ ಬಿಡು. ಶನಿವಾರ ಬೆಳಿಗ್ಗೆ ಅವಳೇ ಒದ್ದೆ ಮಾಡುತ್ತಾಳೆ.

ಬಾಗಿಲು ಬಡಿಯುವವರು ನಿನ್ನವರೇ ಆಗಿರಲಿ, ನಿನ್ನ ಮನೆಯ ಬ್ರೆಡ್ಡಿಗೂ ಉಪ್ಪಿಗೂ ದೇವರ ಕೈ ತಾಗಿರಲಿ.

ತಲೆ ಇನ್ನೂ ಸರಿಹೋಗದ,
ನಿನ್ನ ಪಕ್ಕದ ಮಷಿನ್ನಿನ
ಯಾಂಕಾ